ಹವಳದ ತಳಿ ಜೋಡಣೆ: ಮೊಟ್ಟೆ ತೊಳೆಯುವ ಅರ್ಧ ಗಂಟೆ (ನನ್ನ ಅನುಭವ)

ಹವಳದ ಅನುವಂಶಿಕತೆ ಅಂದ ಕೂಡಲೇ ಎಲ್ಲರ ಕಣ್ಣು ಡಿಎನ್‌ಎ ಓದುವ ಯಂತ್ರದ ಕಡೆ ಹೋಗುತ್ತದೆ. ಆದರೆ ಆ ಯಂತ್ರ ಕೊಡುವ ಉತ್ತರ ಸರಿಯೋ ತಪ್ಪೋ ಎನ್ನುವುದು ತಿಂಗಳುಗಳ ಹಿಂದೆಯೇ ತೀರ್ಮಾನವಾಗಿರುತ್ತದೆ. ರಾತ್ರಿ ಒಂಬತ್ತು ಗಂಟೆಯ ಹೊತ್ತಿಗೆ, ಕೆಂಪು ದೀಪದ ಬೆಳಕಿನಲ್ಲಿ, ಮೊಟ್ಟೆಯನ್ನು ವೀರ್ಯದಿಂದ ಬೇರ್ಪಡಿಸಿ ತೊಳೆಯುವ ಅರ್ಧ ಗಂಟೆಯಲ್ಲಿ ಅದು ಆಗಿಹೋಗುತ್ತದೆ. ಅಲ್ಲಿ ಒಂದು ಹನಿ ಬೇರೆ ಹವಳದ ವೀರ್ಯ ಸೇರಿದರೆ ಮರಿಯ ಅಪ್ಪ ಯಾರು ಎಂಬುದೇ ಅಳಿಸಿಹೋಗುತ್ತದೆ. ಆಮೇಲೆ ಎಷ್ಟು ಖರ್ಚು ಮಾಡಿ ಸೀಕ್ವೆನ್ಸ್ ಮಾಡಿದರೂ ಸರಿಹೋಗುವುದಿಲ್ಲ. ಅದಕ್ಕೇ ಈ ಬರಹದ ಹೆಚ್ಚಿನ ಪಾಲು ಜರಡಿ, ಬಕೆಟ್ಟು, ಲೋಟಗಳ ಬಗ್ಗೆಯೇ ಇದೆ.

ಬಿಸಿ ತಾಳುವ ಗುಣ ಮರಿಗೆ ಬರುತ್ತದೆಯೇ ಎಂದು ನೋಡಲು ನಾವು ಜೋಡಿಸುವುದು (ಒಂದರ ವೀರ್ಯವನ್ನು ಇನ್ನೊಂದರ ಮೊಟ್ಟೆಗೆ ಸೇರಿಸುವುದು) ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫ್‌ನ ಆಕ್ರೊಪೋರ ಮಿಲ್ಲೆಪೋರ ಎಂಬ ಕವಲೊಡೆಯುವ ಹವಳವನ್ನು. ಇದರಲ್ಲಿ 14 ಜೋಡಿ ವರ್ಣತಂತುಗಳಿವೆ. ವರ್ಣತಂತುಗಳ ಮಟ್ಟದಲ್ಲಿ ಓದಿ ಕೂಡಿಸಿದ ಇದರ ಪೂರ್ಣ ಜೀನೋಮ್ (ಇಡೀ ಡಿಎನ್‌ಎ ಪಠ್ಯ) 2020ರಲ್ಲಿ ಪ್ರಕಟವಾಗಿದೆ. ಹಾಗಾಗಿ ತಳಿ ಕೆಲಸಕ್ಕೆ ಇದಕ್ಕಿಂತ ಅನುಕೂಲದ ಹವಳ ಸಿಗುವುದು ಕಷ್ಟ. ಹವಳದ ಒಂದೊಂದು ಪುಟ್ಟ ಜೀವಿ ಒಂದು ಪಾಲಿಪ್; ಅವು ಹಲವು ಸೇರಿ ಬೆಳೆದದ್ದು ಒಂದು ಕಾಲೊನಿ. ಗಂಡು ಹೆಣ್ಣು ಎರಡೂ ಒಂದೇ ಪಾಲಿಪ್‌ನಲ್ಲಿವೆ. ಪ್ರತಿ ಪಾಲಿಪ್ ಮೊಟ್ಟೆ ಮತ್ತು ವೀರ್ಯವನ್ನು ಒಟ್ಟಿಗೆ ಕಟ್ಟಿ ಒಂದು ಸಣ್ಣ ಗುಲಾಬಿ ಉಂಡೆಯಾಗಿ ಹೊರಬಿಡುತ್ತದೆ. ಮೊಟ್ಟೆಯಲ್ಲಿ ಕೊಬ್ಬು ತುಂಬಿರುವುದರಿಂದ ಉಂಡೆ ತೇಲುತ್ತದೆ. ಮೇಲೆ ಬಂದು ಒಡೆದಾಗ ಮಧ್ಯದ ವೀರ್ಯ ಬಿಡುಗಡೆಯಾಗಿ ಬೇರೆ ಕಾಲೊನಿಯ ಮೊಟ್ಟೆಯನ್ನು ಸೇರುತ್ತದೆ. ತನ್ನದೇ ವೀರ್ಯವನ್ನು ತನ್ನ ಮೊಟ್ಟೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ಈ ತಡೆಯೇ ನಮ್ಮ ಕೆಲಸವನ್ನು ಸಾಧ್ಯವಾಗಿಸಿದೆ.

ಇನ್ನೊಂದು ಅನುಕೂಲವೂ ಇದೆ. ಆಕ್ರೊಪೋರದ ಮೊಟ್ಟೆಯಲ್ಲಿ ಹವಳದೊಳಗೆ ವಾಸಿಸುವ ಪಾಚಿ ಇರುವುದಿಲ್ಲ; ಮರಿ ಅದನ್ನು ಆಮೇಲೆ ಸುತ್ತಲಿನ ನೀರಿನಿಂದ ಪಡೆದುಕೊಳ್ಳುತ್ತದೆ. ಹೀಗಾಗಿ ಲಾರ್ವಾದ (ಈಜುವ ಹಂತದ ಮರಿಯ) ಡಿಎನ್‌ಎ ಹವಳದ್ದೇ. ಬಿಸಿ ತಡೆಯುವ ಶಕ್ತಿಯಲ್ಲಿ ವ್ಯತ್ಯಾಸ ಕಂಡರೆ ಅದನ್ನು ಪಾಚಿಯ ಲೆಕ್ಕಕ್ಕೆ ಹಾಕಬೇಕಾಗಿಲ್ಲ. ಮಾಂಟಿಪೋರ, ಪೊರೈಟಿಸ್, ಪೊಸಿಲ್ಲೊಪೋರಗಳಲ್ಲಿ ತಾಯಿಯೇ ಮೊಟ್ಟೆಯಲ್ಲಿ ಪಾಚಿ ಇಟ್ಟು ಕಳಿಸುತ್ತದೆ. ಅಲ್ಲಿ 'ತಾಯಿಯ ಗುಣ' ಎಂದು ಕಾಣುವುದು ಜೀನಿನದೋ ಪಾಚಿಯದೋ ಎಂದು ಬಿಡಿಸುವುದಕ್ಕೆ ಬೇರೆಯದೇ ಪ್ರಯೋಗ ಬೇಕು.

ವರ್ಷಕ್ಕೆ ಸಿಗುವುದು ಕೆಲವೇ ರಾತ್ರಿ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹುಣ್ಣಿಮೆಗಳಲ್ಲಿ ಒಂದಾದ ಮೇಲೆ, ಮೂರರಿಂದ ಆರನೆಯ ರಾತ್ರಿಯೊಳಗೆ ಬಹುಪಾಲು ಹವಳಗಳು ಮೊಟ್ಟೆ ಬಿಡುತ್ತವೆ. ನಮ್ಮ ಪಂಚಾಂಗದ ಲೆಕ್ಕದಲ್ಲಿ ಆಶ್ವೀಜ ಇಲ್ಲವೇ ಕಾರ್ತಿಕ ಬಹುಳದ ಸಂಕಷ್ಟಿಯ ಆಸುಪಾಸು. ಟೌನ್ಸ್‌ವಿಲ್‌ಗೆ ಎದುರಿನ ಮ್ಯಾಗ್ನೆಟಿಕ್ ದ್ವೀಪದಂಥ ತೀರದ ಹವಳಗಳು ಹೆಚ್ಚಾಗಿ ಒಂದು ತಿಂಗಳು ಮೊದಲೇ ಮುಗಿಸುತ್ತವೆ, ಹೊರಗಿನ ದಿಬ್ಬಗಳವು ಮುಂದಿನ ಹುಣ್ಣಿಮೆಗೆ. ಹುಣ್ಣಿಮೆ ತಿಂಗಳ ಮೊದಲ ದಿನಗಳಲ್ಲೇ ಬಂದ ವರ್ಷ ಅರ್ಧ ಕಾಲೊನಿಗಳು ಈ ತಿಂಗಳು, ಉಳಿದರ್ಧ ಮುಂದಿನ ತಿಂಗಳು ಎಂದು ಒಡೆದುಹೋಗುವುದುಂಟು. ಅಂಥ ವರ್ಷ ದೊಡ್ಡ ಯೋಜನೆ ಹಾಕಿಕೊಳ್ಳಬಾರದು, ಒಂದೇ ರಾತ್ರಿ ಬೇಕಾದಷ್ಟು ಜೋಡಿ ಸಿಗುವುದಿಲ್ಲ.

ಕಾಲೊನಿ ಎತ್ತುವ ಮೊದಲು ಮೊಟ್ಟೆ ಮಾಗಿದೆಯೇ ನೋಡಬೇಕು. ಎರಡು ಮೂರು ಸೆಂಟಿಮೀಟರ್ ಉದ್ದದ ಕವಲೊಂದನ್ನು ಮುರಿದು ಮುರಿದ ಮೈಯನ್ನು ನೋಡುತ್ತೇವೆ. ತೀರಾ ತುದಿಯಲ್ಲಿ ನೋಡಿ ಪ್ರಯೋಜನವಿಲ್ಲ, ಬೆಳೆಯುವ ತುದಿ ಬಂಜೆಯಾಗಿರುತ್ತದೆ. ತುದಿಯಿಂದ ಕೆಳಗೆ ಮುರಿಯಬೇಕು. ಗುಲಾಬಿ ಅಥವಾ ಇಟ್ಟಿಗೆ ಕೆಂಪಿನ ಮೊಟ್ಟೆ ಕಂಡರೆ ಈ ತಿಂಗಳೇ. ಬಿಳಿ ಮೊಟ್ಟೆ ಕಂಡರೆ ಇನ್ನೂ ಹೊತ್ತಿದೆ, ಆ ಕಾಲೊನಿಯನ್ನು ಮುಟ್ಟುವುದಿಲ್ಲ. ಮುಂಗೈಯಿಂದ ಬೆರಳ ತುದಿವರೆಗಿನಷ್ಟು ಅಗಲದ ಕಾಲೊನಿ ಕೆಲಸಕ್ಕೆ ಸಾಕು.

ಆಯ್ಕೆಯಲ್ಲಿ ಆಗುವ ದೊಡ್ಡ ತಪ್ಪು ಒಂದರ ಪಕ್ಕದ್ದನ್ನೇ ಇನ್ನೊಂದಾಗಿ ತರುವುದು. ಆಕ್ರೊಪೋರದ ಕವಲು ಬಿರುಗಾಳಿಗೆ ಮುರಿದುಬಿದ್ದು ಅಲ್ಲೇ ಬೇರೂರಿ ಹೊಸ ಕಾಲೊನಿಯಾಗುತ್ತದೆ. ನೋಟಕ್ಕೆ ಎರಡು, ಜೀನಿನಲ್ಲಿ ಒಂದೇ. ಇವೆರಡನ್ನು ಜೋಡಿಸಿದರೆ ಅದು ಸ್ವಂತ ವೀರ್ಯದ ಜೋಡಣೆಯಾಗಿ ಫಲಿಸುವುದಿಲ್ಲ. ನೋಡುವವರು 'ಈ ಜೋಡಿಗೆ ಹೊಂದಾಣಿಕೆ ಇಲ್ಲ' ಎಂದು ಬರೆದುಕೊಂಡುಬಿಡುತ್ತಾರೆ. ಕನಿಷ್ಠ ಹತ್ತು ಮೀಟರ್ ಅಂತರ ಬಿಟ್ಟು ಆರಿಸುತ್ತೇವೆ. ಅಷ್ಟಾದರೂ ಪ್ರತಿ ಕಾಲೊನಿಯಿಂದ ಒಂದು ಸೆಂಟಿಮೀಟರ್ ಚೂರನ್ನು ಶುದ್ಧ ಎಥನಾಲ್‌ನಲ್ಲಿ ಹಾಕಿ ಇಡುವುದು ಕಡ್ಡಾಯ. ಅದು ಅಪ್ಪ ಅಮ್ಮಂದಿರ ಗುರುತಿನ ಚೀಟಿ.

ಆ ಚೂರಿನಲ್ಲಿ ಒಂದು ತೊಡಕಿದೆ. ದೊಡ್ಡ ಹವಳದ ಅಂಗಾಂಶದಲ್ಲಿ ಪಾಚಿ ತುಂಬಿರುವುದರಿಂದ ಡಿಎನ್‌ಎಯಲ್ಲಿ ಪಾಚಿಯದೂ ಕೂಡಿಯೇ ಬರುತ್ತದೆ. ಹಾಗಾಗಿ ಆ ರಾತ್ರಿಯೇ ಪ್ರತಿ ಕಾಲೊನಿಯ ಗಟ್ಟಿ ವೀರ್ಯವನ್ನು ಒಂದೆರಡು ಮಿಲಿಲೀಟರ್ ಬೇರೆ ತೆಗೆದು, ಸೆಂಟ್ರಿಫ್ಯೂಜ್‌ನಲ್ಲಿ (ವೇಗವಾಗಿ ಸುತ್ತಿಸುವ ಯಂತ್ರ) ತಳಕ್ಕೆ ಕೂರಿಸಿ, ಮೇಲಿನ ನೀರು ಚೆಲ್ಲಿ, ಎಥನಾಲ್ ಹಾಕಿ ಇಡುತ್ತೇವೆ. ವೀರ್ಯದಲ್ಲಿ ಪಾಚಿ ಇಲ್ಲ, ಡಿಎನ್‌ಎ ಹೇರಳ. ಜಪಾನಿನ ತಂಡ 2011ರಲ್ಲಿ ಆಕ್ರೊಪೋರ ಡಿಜಿಟಿಫೆರಾದ ಜೀನೋಮ್ ಓದಿದಾಗಲೂ ಬಳಸಿದ್ದು ಒಂದೇ ಕಾಲೊನಿಯ ವೀರ್ಯವನ್ನು.

ಇನ್ನು ರಾತ್ರಿಯ ಕೆಲಸ. ಬೆಳಗ್ಗೆಯೇ ಸಮುದ್ರದ ನೀರನ್ನು 1 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ಫಿಲ್ಟರ್‌ನಲ್ಲಿ ಸೋಸಿ ಡ್ರಮ್‌ಗಳಲ್ಲಿ ಮುಚ್ಚಿಡಬೇಕು. ರಾತ್ರಿ ತುಂಬಿಸಿದ ನೀರು ಬೇಡವೇ ಬೇಡ. ಹೊರಗೆ ಹವಳ ಮೊಟ್ಟೆ ಬಿಡುತ್ತಿರುವಾಗ ಸಮುದ್ರದ ನೀರಿನಲ್ಲೇ ವೀರ್ಯ ಇರುತ್ತದೆ, ಅದು 1 ಮೈಕ್ರಾನ್ ಫಿಲ್ಟರ್ ದಾಟಿ ಬರಲಾರದೆಂದು ನಂಬಿ ಕೂರುವುದು ತರವಲ್ಲ. ಸೂರ್ಯ ಮುಳುಗುವ ಹೊತ್ತಿಗೆ ತೊಟ್ಟಿಯ ಪಂಪ್ ನಿಲ್ಲಿಸಿ, ಪ್ರತಿ ಕಾಲೊನಿಯನ್ನು ಅದರದೇ ಬಕೆಟ್‌ಗೆ ಎತ್ತಿ ಇಡುತ್ತೇವೆ. ಬಿಳಿ ಬೆಳಕು ಬೇಡ. ಅದು ಮೊಟ್ಟೆ ಬಿಡುವುದನ್ನು ತಡಮಾಡುತ್ತದೆ. ಕೆಂಪು ಕಾಗದ ಸುತ್ತಿದ ಟಾರ್ಚ್ ಸಾಕು. ಮಿಲ್ಲೆಪೋರ ಮೊಟ್ಟೆ ಬಿಡುವುದು ಸೂರ್ಯಾಸ್ತದ ಎರಡು ಮೂರು ಗಂಟೆ ನಂತರ. ಅದಕ್ಕೂ ಮೊದಲು ಪ್ರತಿ ಪಾಲಿಪ್‌ನ ಬಾಯಿಯ ಕೆಳಗೆ ಗುಲಾಬಿ ಚುಕ್ಕೆಯೊಂದು ಬಂದು ಕೂರುತ್ತದೆ. ನೋಡನೋಡುತ್ತ ಕವಲು ಪೂರ್ತಿ ಅಕ್ಕಿಕಾಳಿನಷ್ಟು ಚುಕ್ಕೆಗಳಿಂದ ತುಂಬಿಹೋಗುತ್ತದೆ. ಇದು ಕಂಡ ಮೇಲೆ ಬಕೆಟ್ ಅಲುಗಾಡಿಸಬಾರದು. ಅಲುಗಾಡಿದರೆ ಪಾಲಿಪ್ ಒಳಗೆಳೆದುಕೊಳ್ಳುತ್ತದೆ, ಒಮ್ಮೊಮ್ಮೆ ಆ ರಾತ್ರಿ ಬಿಡುವುದೇ ಇಲ್ಲ.

ತೇಲಿ ಬಂದ ಉಂಡೆಗಳನ್ನು ಪ್ಲಾಸ್ಟಿಕ್ ಲೋಟದಲ್ಲಿ ಮೇಲಿಂದ ಮೆಲ್ಲಗೆ ಕೆನೆ ತೆಗೆದ ಹಾಗೆ ತೆಗೆಯಬೇಕು, ಆದಷ್ಟು ಕಡಿಮೆ ನೀರಿನೊಂದಿಗೆ. ನೀರು ಹೆಚ್ಚಾದರೆ ವೀರ್ಯ ತೆಳುವಾಗುತ್ತದೆ. 120 ಮೈಕ್ರಾನ್ ಬಲೆ ಬಿಗಿದ ಜರಡಿಯನ್ನು ಅಗಲದ ಬೋಗುಣಿಯೊಳಗೆ ಇಟ್ಟು, ಬಲೆಯ ಮೇಲೆ ಎರಡು ಸೆಂಟಿಮೀಟರ್ ನೀರು ನಿಲ್ಲುವಂತೆ ಮಾಡಿ, ಉಂಡೆಗಳನ್ನು ಅದರಲ್ಲಿ ಬಿಡುತ್ತೇವೆ. ಹದಿನೈದು ನಿಮಿಷದಿಂದ ಅರ್ಧ ಗಂಟೆಯೊಳಗೆ ಅವು ತಾವಾಗಿ ಬಿಚ್ಚಿಕೊಳ್ಳುತ್ತವೆ. ಜರಡಿಯನ್ನು ಬೋಗುಣಿಯೊಳಗೇ ಸ್ವಲ್ಪ ಸ್ವಲ್ಪ ಮೇಲೆ ಕೆಳಗೆ ಆಡಿಸಿದರೆ ಬೇಗ ಬಿಚ್ಚುತ್ತವೆ. ಅರ್ಧ ಮಿಲಿಮೀಟರ್ ಗಾತ್ರದ ಮೊಟ್ಟೆ ಬಲೆಯ ಮೇಲೆ ಉಳಿಯುತ್ತದೆ. ವೀರ್ಯ ಕೆಳಗಿಳಿದು ಬೋಗುಣಿಯ ನೀರನ್ನು ಅಕ್ಕಿ ತೊಳೆದ ನೀರಿನ ಬಣ್ಣಕ್ಕೆ ತಿರುಗಿಸುತ್ತದೆ. ಆ ಬಿಳಿ ನೀರೇ ಗಂಡಿನ ಪಾಲು. ಅದನ್ನು ಹೆಸರು ಬರೆದ ಪಾತ್ರೆಗೆ ಸುರಿದು ಇಡಬೇಕು.

ಇಲ್ಲಿಂದ ಮುಂದಿನದು ತೊಳೆಯುವ ಕೆಲಸ. ಜರಡಿಯನ್ನು ಎರಡನೆಯ ಬೋಗುಣಿಯ ಶುದ್ಧ ಸಮುದ್ರ ನೀರಿಗೆ ಇಳಿಸಿ, ಆಡಿಸಿ, ಮೂರನೆಯದಕ್ಕೆ. ಹೀಗೆ ಐದು ಬಾರಿ, ಪ್ರತಿ ಸಲವೂ ಹೊಸ ನೀರು. ಒಂದು ಬೋಗುಣಿಯಿಂದ ಇನ್ನೊಂದಕ್ಕೆ ಎತ್ತುವಾಗ ಬಲೆಯ ಮೇಲಿನ ನೀರು ಪೂರ್ತಿ ಬಸಿಯಲು ಬಿಡಬಾರದು, ಜರಡಿಯನ್ನು ಓರೆ ಮಾಡಿ ಒಂದು ಮೂಲೆಯಲ್ಲಿ ನೀರು ನಿಲ್ಲಿಸಿಯೇ ಎತ್ತಬೇಕು. ಹವಳದ ಮೊಟ್ಟೆಗೆ ಕೋಳಿಮೊಟ್ಟೆಯ ಹಾಗೆ ಸಿಪ್ಪೆ ಇಲ್ಲ. ಬಲೆಗೆ ಒಣಗಿ ಅಂಟಿದರೆ ಹರಿದುಹೋಗುತ್ತದೆ. ಹರಿದ ಮೊಟ್ಟೆಯ ಕೊಬ್ಬು ನೀರ ಮೇಲೆ ಗುಲಾಬಿ ಪೊರೆಯಾಗಿ ಹರಡುತ್ತದೆ, ಬೆಳಗಾಗುವುದರೊಳಗೆ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆದು ಒಳ್ಳೆಯ ಭ್ರೂಣಗಳನ್ನೂ ಕೊಲ್ಲುತ್ತದೆ. ಪೊರೆ ಕಂಡರೆ ಟಿಶ್ಯೂ ಕಾಗದವನ್ನು ನೀರಿನ ಮೇಲೆ ಹಾಸಿ ಎತ್ತಿಬಿಡಿ.

ಒಂದು ಕಾಲೊನಿಗೆ ಒಂದು ಜರಡಿ, ಒಂದು ಲೋಟ, ಒಂದು ಪಿಪೆಟ್, ಒಂದು ಬಣ್ಣದ ಟೇಪು. ಕೈಗವಸನ್ನು ಕಾಲೊನಿ ಬದಲಾದಾಗಲೆಲ್ಲ ಬದಲಿಸಬೇಕು. ಪಾತ್ರೆ ತೀರಾ ಕಡಿಮೆಯಾಗಿ ಒಂದೇ ಜರಡಿಯನ್ನು ಮತ್ತೆ ಬಳಸಲೇಬೇಕಾದರೆ ಮೊದಲು ನಲ್ಲಿಯ ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯಿರಿ, ಆಮೇಲೆ ಸಮುದ್ರ ನೀರಿನಲ್ಲಿ ಜಾಲಾಡಿಸಿ. ಸಿಹಿನೀರು ತಾಕಿದ ಕೂಡಲೇ ವೀರ್ಯಾಣು ಉಬ್ಬಿ ಒಡೆಯುತ್ತದೆ. ಬರಿ ಸಮುದ್ರ ನೀರಿನಲ್ಲಿ ತೊಳೆದರೆ ಬಲೆಯ ಎಳೆಗಳಲ್ಲಿ ಜೀವಂತ ವೀರ್ಯ ಉಳಿದೇ ಉಳಿಯುತ್ತದೆ. ಬೆರಕೆ ಆಗುವುದು ಹೆಚ್ಚಾಗಿ ಈ ದಾರಿಯಿಂದ. ಇನ್ನೊಂದು ದಾರಿ ಒದ್ದೆ ತೋಳು: ಒಂದು ಬಕೆಟ್‌ನೊಳಗೆ ಮೊಣಕೈವರೆಗೆ ಇಳಿಸಿದ ಕೈಯಿಂದ ಪಕ್ಕದ ಬೋಗುಣಿಗೆ ಹನಿ ಬೀಳುತ್ತದೆ.

ಈಗ ವೀರ್ಯದ ಎಣಿಕೆ. ಮಿಲಿಲೀಟರಿಗೆ ಹತ್ತು ಲಕ್ಷ ವೀರ್ಯಾಣುಗಳ ಆಸುಪಾಸಿನಲ್ಲಿ ಆಕ್ರೊಪೋರದ ಮೊಟ್ಟೆ ಚೆನ್ನಾಗಿ ಫಲಿಸುತ್ತದೆ. ಹತ್ತು ಸಾವಿರಕ್ಕಿಳಿದರೆ ಫಲಿಸುವುದು ಕುಸಿಯುತ್ತದೆ. ಒಂದು ಕೋಟಿಗೆ ಏರಿದರೂ ಕುಸಿಯುತ್ತದೆ, ಒಂದೇ ಮೊಟ್ಟೆಗೆ ಹಲವು ವೀರ್ಯಾಣು ನುಗ್ಗಿ ಭ್ರೂಣ ಕೆಡುವುದು ಅದಕ್ಕೊಂದು ಕಾರಣ. ಕಣ್ಣಂದಾಜು ಸಾಲದು. ಒಂದು ಅಪ್ಪನ ವೀರ್ಯ ಗಟ್ಟಿ, ಇನ್ನೊಂದರದು ತೆಳು ಇದ್ದರೆ, ಫಲಿಸಿದ್ದರ ವ್ಯತ್ಯಾಸ ತಳಿಯದೋ ಸಾಂದ್ರತೆಯದೋ ತಿಳಿಯುವುದಿಲ್ಲ. ರಕ್ತಕಣ ಎಣಿಸುವ ನ್ಯೂಬಾವರ್ ಗಾಜನ್ನೇ ಬಳಸುತ್ತೇವೆ. ಬಿಳಿ ನೀರನ್ನು ಹತ್ತು ಪಟ್ಟು ತೆಳು ಮಾಡಿ, ಒಂದು ಹನಿ ಫಾರ್ಮಲಿನ್ ಹಾಕಿ ಚಲನೆ ನಿಲ್ಲಿಸಿ ಎಣಿಸಬೇಕು. ಒಂದು ದೊಡ್ಡ ಚೌಕದಲ್ಲಿ ಸರಾಸರಿ 80 ಬಂತು ಎಂದುಕೊಳ್ಳಿ. 80ನ್ನು 10ರಿಂದ, ಮತ್ತೆ 10,000ದಿಂದ (ಚೌಕದ ಮೇಲಿನ ನೀರು ಮಿಲಿಲೀಟರಿನ ಹತ್ತು ಸಾವಿರದ ಒಂದು ಪಾಲು) ಗುಣಿಸಿದರೆ ಮಿಲಿಲೀಟರಿಗೆ 80 ಲಕ್ಷ. 200 ಮಿಲಿಲೀಟರಿನ ಲೋಟದಲ್ಲಿ ಹತ್ತು ಲಕ್ಷದ ಸಾಂದ್ರತೆ ಬೇಕಾದರೆ 25 ಮಿಲಿಲೀಟರ್ ಈ ವೀರ್ಯ, ಮೊಟ್ಟೆ ಸೇರಿದ ನೀರು 175 ಮಿಲಿಲೀಟರ್. ಎಣಿಸಲು ಒಬ್ಬರನ್ನು ಬೇರೆ ಕೂರಿಸಿಕೊಳ್ಳಿ. ತೊಳೆಯುವವರೇ ಎಣಿಸಲು ಹೋದರೆ ಹೊತ್ತು ಮೀರುತ್ತದೆ.

ಮೈಕ್ರೋಸ್ಕೋಪಿನಲ್ಲಿ ವೀರ್ಯಾಣು ಅಲ್ಲಾಡದೆ ಬಿದ್ದಿರುವುದನ್ನು ನೋಡಿ ಸತ್ತಿದೆ ಎಂದು ಚೆಲ್ಲಬೇಡಿ. ಆಕ್ರೊಪೋರದಲ್ಲಿ ಮೊಟ್ಟೆಯಿಂದ ಹೊರಡುವ ರಾಸಾಯನಿಕವೇ ವೀರ್ಯಾಣುವಿನ ಬಾಲಕ್ಕೆ ಚಾಲನೆ ಕೊಡುತ್ತದೆ. ಮೊಟ್ಟೆ ಇಟ್ಟಿದ್ದ ನೀರಿನ ಒಂದು ಹನಿ ಪಕ್ಕದಲ್ಲಿ ಬಿಟ್ಟು ನೋಡಿ, ಜೀವ ಇದ್ದರೆ ಓಡಾಟ ಶುರುವಾಗುತ್ತದೆ.

ಜೋಡಿಸುವ ವಿನ್ಯಾಸಕ್ಕೆ ನಾಲ್ಕು ಕಾಲೊನಿಗಳ ಉದಾಹರಣೆ ತೆಗೆದುಕೊಳ್ಳೋಣ: ಅ, ಆ, ಇ, ಈ. ಪ್ರತಿಯೊಂದೂ ಅಮ್ಮ, ಪ್ರತಿಯೊಂದೂ ಅಪ್ಪ. ಒಟ್ಟು 16 ಜೋಡಿ. ಅದರಲ್ಲಿ 4 ತನ್ನ ವೀರ್ಯ ತನ್ನ ಮೊಟ್ಟೆಗೆ, ಉಳಿದ 12 ನಿಜವಾದ ಸಂಕರ. ಇವಲ್ಲದೆ ಪ್ರತಿ ಅಮ್ಮನಿಗೂ ವೀರ್ಯವನ್ನೇ ಹಾಕದ ಒಂದು ಲೋಟ. ಪ್ರತಿಯೊಂದನ್ನೂ ಮೂರು ಸಲ ಮಾಡಿದರೆ 36, 12, 12, ಒಟ್ಟು 60 ಲೋಟ. ಲೋಟಕ್ಕೆ 200 ಮೊಟ್ಟೆಯಂತೆ ಒಂದು ಅಮ್ಮನಿಂದ 15 ಲೋಟಕ್ಕೆ 3,000 ಮೊಟ್ಟೆ. ಉಂಡೆಗೆ ಎಂಟೇ ಮೊಟ್ಟೆ ಎಂದಿಟ್ಟುಕೊಂಡರೂ ಸುಮಾರು 375 ಉಂಡೆ ಬೇಕು, ಒಂದು ಆರೋಗ್ಯವಂತ ಕಾಲೊನಿಗೆ ಇದು ಕಷ್ಟವಲ್ಲ. ಉಂಡೆ ಬಿಚ್ಚಿ ಎರಡು ಗಂಟೆಯೊಳಗೆ ಎಲ್ಲ ಲೋಟಗಳೂ ಸಿದ್ಧವಾಗಿರಬೇಕು. ಹೊತ್ತಾದಂತೆ ಮೊಟ್ಟೆಯೂ ವೀರ್ಯವೂ ಸೋಲುತ್ತವೆ, ಕೊನೆಗೆ ತುಂಬಿಸಿದ ಲೋಟಗಳು ಸುಮ್ಮನೆ ಕೆಟ್ಟ ಜೋಡಿಗಳಂತೆ ಕಾಣುತ್ತವೆ. ಆದ್ದರಿಂದ ಅ ಇಂದ ಈ ವರೆಗೆ ಕ್ರಮವಾಗಿ ತುಂಬಿಸಬೇಡಿ, ಚೀಟಿ ಎತ್ತಿ ಬಂದ ಕ್ರಮದಲ್ಲಿ ತುಂಬಿಸಿ.

ಕೈ ಸಾಲದಾದಾಗ ಮೊದಲು ಬಿಟ್ಟುಬಿಡುವುದು ವೀರ್ಯ ಹಾಕದ ಲೋಟವನ್ನೇ. ಅದನ್ನು ಬಿಟ್ಟರೆ ಉಳಿದ ನಲವತ್ತೆಂಟೂ ಬಿಟ್ಟಂತೆ. ತೊಳೆದದ್ದು ಸರಿಯಾಗಿದೆಯೇ ಎಂದು ಹೇಳುವ ಒಂದೇ ಸಾಕ್ಷಿ ಅದು. ತನ್ನ ವೀರ್ಯದ ಲೋಟ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತದೆ: ಈ ಕಾಲೊನಿ ಸ್ವಂತ ವೀರ್ಯವನ್ನು ಒಪ್ಪುತ್ತದೆಯೇ? ಎರಡನ್ನೂ ಬೆರೆಸಿ ಓದಬಾರದು. ಗೋನಿಯಾಸ್ಟ್ರಿಯದಂಥ ಕೆಲವು ಹವಳಗಳಲ್ಲಿ ಸ್ವಂತ ವೀರ್ಯದಿಂದ ಫಲಿಸುವುದು ಸಾಮಾನ್ಯ. ಅಂಥವುಗಳಲ್ಲಿ ಉಂಡೆ ಒಡೆದು ನಿಧಾನವಾಗಿ ತೊಳೆಯುವಷ್ಟರಲ್ಲಿ ಒಂದಷ್ಟು ಮೊಟ್ಟೆ ಆಗಲೇ ಫಲಿಸಿರಬಹುದು.

ವೀರ್ಯ ಹಾಕಿ ಮೂರು ನಾಲ್ಕು ಗಂಟೆ ಬಿಟ್ಟು ಪ್ರತಿ ಲೋಟದಿಂದ ನೂರು ಮೊಟ್ಟೆಯನ್ನು ಅಗಲ ಬಾಯಿಯ ಪಿಪೆಟ್‌ನಿಂದ ತೆಗೆದು ನೋಡುತ್ತೇವೆ. ಮೊದಲ ಸೀಳು (ಒಂದು ಕೋಶ ಎರಡಾಗುವುದು) ಎರಡು ಗಂಟೆಯ ಹೊತ್ತಿಗೆ ಬರುತ್ತದೆ. ಅದು ನಡುವಿನಿಂದಲ್ಲ, ಒಂದು ಪಕ್ಕದಿಂದ ಕೊರೆಯುತ್ತ ಹೋಗುತ್ತದೆ, ಹಾಗಾಗಿ ಅರ್ಧ ದಾರಿಯಲ್ಲಿ ಮೊಟ್ಟೆ ಹೃದಯದ ಆಕಾರದಲ್ಲಿರುತ್ತದೆ. ಆಮೇಲೆ ಎರಡು, ನಾಲ್ಕು, ಎಂಟು ಸಮನಾದ ಗುಂಡುಗಳು. ಒಡೆಯುತ್ತಿರುವ ಸತ್ತ ಮೊಟ್ಟೆಯೂ ಉಬ್ಬುತಗ್ಗಾಗಿ ಕಾಣುತ್ತದೆ, ಆದರೆ ಅದರ ತುಂಡುಗಳು ಒಂದೊಂದು ಗಾತ್ರ. ಹೊಸಬರು ಇದನ್ನು ಫಲಿಸಿದ್ದೆಂದು ಎಣಿಸಿಬಿಡುತ್ತಾರೆ. ವೀರ್ಯ ಹಾಕದ ಲೋಟದಲ್ಲಿ ನಾವು ಇಟ್ಟುಕೊಂಡ ಗೆರೆ ನೂರಕ್ಕೆ 5. ಅದನ್ನು ಮೀರಿದರೆ ಆ ಅಮ್ಮನ ಎಲ್ಲ ಲೋಟಗಳನ್ನೂ ಪಟ್ಟಿಯಿಂದ ತೆಗೆಯುತ್ತೇವೆ, ಎಷ್ಟು ಸಂಕಟವಾದರೂ ಸರಿ.

ಈ ಹಂತದಲ್ಲಿ ಲೋಟ ಕದಲಿಸಬಾರದು ಎನ್ನುವುದಕ್ಕೆ ತಳಿಯದೇ ಒಂದು ಕಾರಣವಿದೆ. ಸಿಪ್ಪೆಯಿಲ್ಲದ ಭ್ರೂಣ ಎರಡು ನಾಲ್ಕು ಕೋಶಗಳಾಗಿದ್ದಾಗ ನೀರು ಕುಲುಕಿದರೆ ಕೋಶಗಳು ಬಿಟ್ಟುಹೋಗುತ್ತವೆ. ಬಿಟ್ಟುಹೋದವು ಸಾಯುವುದಿಲ್ಲ, ಒಂದೊಂದೂ ಚಿಕ್ಕ ಲಾರ್ವಾ ಆಗಿ ಬೆಳೆಯಬಲ್ಲದು. ಗ್ರೇಟ್ ಬ್ಯಾರಿಯರ್ ರೀಫ್‌ನ ಆಕ್ರೊಪೋರದಲ್ಲೇ ಇದನ್ನು ತೋರಿಸಿ 2012ರಲ್ಲಿ ಪ್ರಕಟಿಸಿದ್ದಾರೆ. ಅಂದರೆ ಒಂದೇ ಮೊಟ್ಟೆಯಿಂದ ಅವಳಿಗಳು. ಮುಂದೆ ಸ್ಯಾಂಪಲ್‌ನಲ್ಲಿ ಎರಡು ಲಾರ್ವಾಗಳ ಜೀನೋಟೈಪ್ (ಜೀನಿನ ಗುರುತುಪಟ್ಟಿ) ಎಲ್ಲ ಗುರುತುಗಳಲ್ಲೂ ಒಂದೇ ಬಂದರೆ ಟ್ಯೂಬ್ ಅದಲುಬದಲಾಯಿತು ಎಂದು ಮಾತ್ರ ಯೋಚಿಸಬೇಡಿ, ಅವಳಿ ಇರಬಹುದು. ಇದೇ ಕಾರಣಕ್ಕೆ ಉಳಿದ ವೀರ್ಯದ ನೀರನ್ನು ತೆಗೆಯಲು ಈ ಹಂತದಲ್ಲಿ ಜರಡಿ ಬೇಡ. ಭ್ರೂಣ ಮೇಲೆ ತೇಲುತ್ತಿರುತ್ತದೆ, ತಳದಿಂದ ಸಣ್ಣ ಟ್ಯೂಬ್‌ನಲ್ಲಿ ನೀರು ಹೀರಿ, ಪಾತ್ರೆಯ ಗೋಡೆಗುಂಟ ಹೊಸ ನೀರು ಇಳಿಸಿ.

ಸಾಕಣೆ ಬಗ್ಗೆ ಹೆಚ್ಚು ಹೇಳುವುದಿಲ್ಲ. 27 ಡಿಗ್ರಿ ಸೆಲ್ಸಿಯಸ್, ಮಿಲಿಲೀಟರಿಗೆ ಒಂದಕ್ಕಿಂತ ಹೆಚ್ಚು ಭ್ರೂಣ ಬೇಡ, ಮೊದಲ ಒಂದೂವರೆ ದಿನ ಗಾಳಿಗುಳ್ಳೆ ಬೇಡ, ದಿನಕ್ಕೊಮ್ಮೆ ನೀರು ಬದಲಾವಣೆ. ನಾಲ್ಕೈದು ದಿನಕ್ಕೆ ಲಾರ್ವಾ ಈಜುತ್ತಿರುತ್ತದೆ, ಸುಣ್ಣಗಟ್ಟಿದ ಕೆಂಪು ಪಾಚಿಯ ಚೂರು ಇಟ್ಟರೆ ಅದರ ಮೇಲೆ ಕೂರಲು ಹುಡುಕುತ್ತದೆ.

ತಳಿ ಪರೀಕ್ಷೆಗೆ ಪ್ರತಿ ಜೋಡಿಯಿಂದ ಮೂವತ್ತರ ಸುಮಾರು ಲಾರ್ವಾ, ಒಂದು ಟ್ಯೂಬ್‌ಗೆ ಒಂದೇ. ಲಾರ್ವಾದೊಂದಿಗೆ ಬರುವ ಸಮುದ್ರ ನೀರು ಆದಷ್ಟೂ ಕಡಿಮೆ ಇರಲಿ. ಉಪ್ಪು ಉಳಿದರೆ ಪಿಸಿಆರ್ (ಡಿಎನ್‌ಎ ತುಂಡನ್ನು ನಕಲು ಮಾಡಿ ಬೆಳೆಸುವ ಕ್ರಮ) ಕೆಲಸ ಮಾಡುವುದಿಲ್ಲ, ಎಥನಾಲ್ ಕೂಡ ತೆಳುವಾಗುತ್ತದೆ. ಇಡೀ ಜೀನೋಮ್ ಓದುವ ಮೊದಲು ಕೆಲವು ಮೈಕ್ರೋಸ್ಯಾಟಲೈಟ್ ಗುರುತುಗಳಿಂದ (ಡಿಎನ್‌ಎಯಲ್ಲಿ ಚಿಕ್ಕ ತುಂಡು ಮರುಕಳಿಸುವ, ಉದ್ದ ಬೇರೆಬೇರೆ ಇರುವ ಜಾಗಗಳು) ಅಪ್ಪ ಅಮ್ಮಂದಿರನ್ನು ಖಚಿತಪಡಿಸಿಕೊಳ್ಳುವುದು ಅಗ್ಗವಾದ ದಾರಿ.

ಓದುವುದು ಹೀಗೆ. ಪ್ರತಿ ಗುರುತಿಗೂ ಎರಡು ಪ್ರತಿ, ಅಪ್ಪನಿಂದ ಒಂದು, ಅಮ್ಮನಿಂದ ಒಂದು; ಅಂಕಿ ಅವುಗಳ ಉದ್ದ. ಒಂದು ಗುರುತಿನಲ್ಲಿ ಅಮ್ಮ 152/160, ಅಪ್ಪ 148/156 ಎಂದುಕೊಳ್ಳಿ. ಮರಿಗಳು ನಾಲ್ಕೇ ಬಗೆ: 148/152, 152/156, 148/160, 156/160. 32 ಮರಿಗಳಲ್ಲಿ ತಲಾ 8 ಬರಬೇಕು. 11, 9, 7, 5 ಬಂದರೆ ಕೈ-ವರ್ಗ (ನಿರೀಕ್ಷೆಯಿಂದ ಎಷ್ಟು ದೂರ ಎಂದು ಅಳೆಯುವ ಲೆಕ್ಕ) 2.5, ಇದು ಸಹಜದ ಏರುಪೇರು. 17, 9, 4, 2 ಬಂದರೆ 16.75, ಮಿತಿಯಾದ 7.81ನ್ನು ದಾಟಿತು, ಏನೋ ಆಗಿದೆ. 152/152 ಅಥವಾ 152/160 ಇರುವ ಮರಿ ಸಿಕ್ಕರೆ ಅದರಲ್ಲಿ ಈ ಅಪ್ಪನ ಪಾಲು ಕಾಣುತ್ತಿಲ್ಲ: ಅಮ್ಮನ ಸ್ವಂತ ವೀರ್ಯ ಉಳಿದಿತ್ತು. 164 ಎಂಬ ಹೊಸ ಅಂಕಿ ಬಂದರೆ ಹೊರಗಿನ ವೀರ್ಯ ಸೇರಿದೆ.

ಆದರೆ ಅಪ್ಪ ಬರಿ 148 ಎಂದು ತೋರಿ, ಅರ್ಧದಷ್ಟು ಮರಿಗಳು ಬರಿ 152 ಅಥವಾ ಬರಿ 160 ಎಂದು ತೋರಿದರೆ ಸ್ವಂತ ವೀರ್ಯ ಎಂದು ಅವಸರಪಡಬೇಡಿ. ಅಪ್ಪನ ಎರಡನೆಯ ಪ್ರತಿಯಲ್ಲಿ ಪ್ರೈಮರ್ (ನಕಲು ಶುರುಮಾಡಿಸುವ ಚಿಕ್ಕ ಡಿಎನ್‌ಎ ತುಂಡು) ಅಂಟುವ ಜಾಗದಲ್ಲೇ ಬದಲಾವಣೆ ಇದ್ದು ಅದು ಕಾಣಿಸದೆ ಹೋಗಿರಬಹುದು. ನಿಜಕ್ಕೂ ಸ್ವಂತ ವೀರ್ಯದ ಮರಿಯಾಗಿದ್ದರೆ ಉಳಿದ ಗುರುತುಗಳಲ್ಲೂ ಅಪ್ಪ ಕಾಣೆಯಾಗಿರಬೇಕು. ಬೇರೆ ಗುರುತುಗಳಲ್ಲಿ ಅಪ್ಪ ಇದ್ದಾನೆಂದರೆ ಇದು ಪ್ರೈಮರ್ ದೋಷ. ಇನ್ನೊಂದು ಸಾಮಾನ್ಯ ತೊಂದರೆ: ಒಂದು ಲಾರ್ವಾದಲ್ಲಿ ಡಿಎನ್‌ಎ ತೀರಾ ಕಡಿಮೆ, ಆಗ ಚಿಕ್ಕ ಅಂಕಿಯ ತುಂಡು ಚೆನ್ನಾಗಿ ಬೆಳೆದು ದೊಡ್ಡದು ಮಾಯವಾಗುತ್ತದೆ. ಅನುಮಾನದ ಲಾರ್ವಾವನ್ನು ಎರಡನೆಯ ಸಲ ಓಡಿಸಿಯೇ ಬರೆದುಕೊಳ್ಳಬೇಕು.

ಇಷ್ಟು ಗಟ್ಟಿಯಾದ ಮೇಲೆ ನಿಜವಾದ ಪ್ರಶ್ನೆ ಕೇಳಬಹುದು: ಬಿಸಿ ತಾಳುವ ಗುಣ ಮರಿಗೆ ಬರುತ್ತದೆಯೇ, ಬಂದರೆ ಯಾರಿಂದ? ಅದಕ್ಕೆ ಅ ಅಮ್ಮ ಆ ಅಪ್ಪ, ಆ ಅಮ್ಮ ಅ ಅಪ್ಪ ಎಂಬ ತಿರುವುಮುರುವು ಜೋಡಿಯೇ ಆಧಾರ. ಎರಡರ ಮರಿಗಳಲ್ಲೂ ವರ್ಣತಂತುಗಳ ಜೀನು ಸರಾಸರಿಯಲ್ಲಿ ಸಮ. ವ್ಯತ್ಯಾಸ ಕಂಡರೆ ಅದು ಅಮ್ಮ ಮೊಟ್ಟೆಯಲ್ಲಿಟ್ಟ ಕೊಬ್ಬು, ಆರ್‌ಎನ್‌ಎ, ಮೈಟೋಕಾಂಡ್ರಿಯಾಗಳದು. 2015ರಲ್ಲಿ ಪ್ರಕಟವಾದ ಕೆಲಸವೊಂದರಲ್ಲಿ ಉತ್ತರದ ಬೆಚ್ಚನೆಯ ಪ್ರಿನ್ಸೆಸ್ ಷಾರ್ಲಟ್ ಬೇಯ ಮಿಲ್ಲೆಪೋರವನ್ನೂ ದಕ್ಷಿಣದ ಆರ್ಫಿಯಸ್ ದ್ವೀಪದ್ದನ್ನೂ ಹೀಗೆ ಜೋಡಿಸಿದರು. ಬೆಚ್ಚನೆಯ ಜಾಗದ ಅಪ್ಪ ಅಮ್ಮಂದಿರ ಲಾರ್ವಾಗಳು ಬಿಸಿಯಲ್ಲಿ ಉಳಿಯುವ ಆಡ್ಸ್ ಹತ್ತು ಪಟ್ಟಿನವರೆಗೆ ಹೆಚ್ಚಿತ್ತು, ಅಮ್ಮನ ಪ್ರಭಾವ ಎದ್ದು ಕಂಡಿತು. ಆಡ್ಸ್ ಎಂಬುದನ್ನು ಹುಷಾರಾಗಿ ಓದಬೇಕು. ಉಳಿದವು ಮತ್ತು ಸತ್ತವುಗಳ ಅನುಪಾತ ಅದು. ನೂರಕ್ಕೆ 50 ಉಳಿಯುವ ಕಡೆ ಹತ್ತು ಪಟ್ಟು ಎಂದರೆ 91 ಉಳಿಯುತ್ತವೆ ಎಂದರ್ಥ.

ಅಮ್ಮನ ಪಾಲು ಹೀಗೆ ಬೆರೆತಿರುವುದರಿಂದ, ಜೀನಿನ ಶುದ್ಧ ಪಾಲನ್ನು ಅಳೆಯಲು ಅಪ್ಪನನ್ನೇ ನೋಡಬೇಕು. ಒಬ್ಬ ಅಪ್ಪನನ್ನು ಹಲವು ಅಮ್ಮಂದಿರಿಗೆ ಜೋಡಿಸಿ, ಅಪ್ಪಂದಿರ ನಡುವಿನ ವ್ಯತ್ಯಾಸವನ್ನು ನಾಲ್ಕರಿಂದ ಗುಣಿಸಿದರೆ ಕೂಡಿಕೆಯ ಅನುವಂಶಿಕ ವ್ಯತ್ಯಾಸ (ಒಂದೊಂದು ಜೀನಿನ ಪರಿಣಾಮ ಕೂಡುತ್ತ ಬರುವ ಪಾಲು) ಸಿಗುತ್ತದೆ, ಏಕೆಂದರೆ ಅಪ್ಪ ಮಾತ್ರ ಒಂದೇ ಆಗಿರುವ ಮಕ್ಕಳು ಅದರ ಕಾಲುಭಾಗವನ್ನು ಹಂಚಿಕೊಂಡಿರುತ್ತಾರೆ. ಇದಕ್ಕೆ ನಾಲ್ಕು ಅಪ್ಪಂದಿರು ಸಾಲುವುದೇ ಇಲ್ಲ, ಹತ್ತಾರು ಬೇಕು, ಅಷ್ಟು ಕಾಲೊನಿ ಒಂದೇ ರಾತ್ರಿ ಬಿಡುವುದು ಅಪರೂಪ. ಇಲ್ಲಿ ಹೆಪ್ಪುಗಟ್ಟಿಸಿದ ವೀರ್ಯ ಕೈಹಿಡಿಯುತ್ತದೆ. ಕೊನೆಗೆ ನೂರಕ್ಕೆ 10 ಡಿಎಂಎಸ್‌ಒ (ಹೆಪ್ಪುಗಟ್ಟುವಾಗ ಕೋಶ ಕೆಡದಂತೆ ಕಾಯುವ ದ್ರವ) ಇರುವಂತೆ ಬೆರೆಸಿ ದ್ರವ ಸಾರಜನಕದಲ್ಲಿ ಇಟ್ಟ ವೀರ್ಯವನ್ನು ಬೇರೆ ರಾತ್ರಿ, ಬೇರೆ ವರ್ಷ, ಬೇರೆ ಸಮುದ್ರದ ಮೊಟ್ಟೆಗೂ ಬಳಸಬಹುದು. ಕೆರಿಬಿಯನ್‌ನಲ್ಲಿ ಫ್ಲೋರಿಡಾ ಮತ್ತು ಪೋರ್ಟೊ ರಿಕೊದ ಆಕ್ರೊಪೋರ ಪಾಲ್ಮೇಟಾ ವೀರ್ಯವನ್ನು ಕ್ಯುರಸಾವೊದ ಮೊಟ್ಟೆಗೆ ಹೀಗೆ ಸೇರಿಸಿ ಮರಿ ಬೆಳೆಸಿದ ವರದಿ 2021ರಲ್ಲಿ ಬಂತು. ಕರಗಿಸಿದ ವೀರ್ಯದಲ್ಲಿ ಓಡುವವು ಕಡಿಮೆ, ಆದ್ದರಿಂದ ಎಣಿಸುವಾಗ ಓಡುವವನ್ನೇ ಎಣಿಸಿ ಸಾಂದ್ರತೆ ಹೊಂದಿಸಬೇಕು.

ಎಲ್ಲ ಸರಿಯಾಗಿ ಮಾಡಿದರೂ ಒಂದು ಜೋಡಿ ಸೊನ್ನೆ ತೋರಿಸಿದರೆ ಮೊದಲು ಕೇಳಿಕೊಳ್ಳಬೇಕಾದದ್ದು, ಇವೆರಡೂ ಒಂದೇ ಪ್ರಭೇದವೇ ಎಂದು. ದಶಕಗಳ ಕಾಲ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಆಕ್ರೊಪೋರ ಟೆನ್ಯುಯಿಸ್ ಎಂದು ಕರೆದದ್ದು 2023ರ ಪರಿಷ್ಕರಣೆಯ ನಂತರ ಆಕ್ರೊಪೋರ ಕೆಂಟಿ ಆಗಿದೆ. ಕೆಂಟಿ ಸೂರ್ಯಾಸ್ತವಾದ ಸ್ವಲ್ಪ ಹೊತ್ತಿಗೇ ಬಿಡುತ್ತದೆ, ಮಿಲ್ಲೆಪೋರ ತಡವಾಗಿ. ಸಮುದ್ರದಲ್ಲಿ ಈ ಗಂಟೆಗಳ ಅಂತರವೇ ಒಂದು ಗೋಡೆ, ಲೋಟದಲ್ಲಿ ನಾವು ಆ ಗೋಡೆಯನ್ನು ಕೆಡವುತ್ತೇವೆ. ಪ್ರಭೇದಗಳ ನಡುವೆ ಪ್ರಕೃತಿಯಲ್ಲೂ ಸಂಕರ ನಡೆಯುತ್ತದೆ: ಕೆರಿಬಿಯನ್‌ನ ಆಕ್ರೊಪೋರ ಪ್ರೊಲಿಫೆರಾ ಎಂಬುದು ಪಾಲ್ಮೇಟಾ ಮತ್ತು ಸರ್ವಿಕಾರ್ನಿಸ್‌ಗಳ ಮಿಶ್ರತಳಿ ಎಂದು 2002ರಲ್ಲೇ ತೋರಿಸಿದ್ದಾರೆ. ಹೀಗಾಗಿ ಹೊರರೂಪ ನೋಡಿ ಹೆಸರು ಬರೆದ ಕಾಲೊನಿಗಳನ್ನು ಜೀನೋಟೈಪ್ ಮಾಡದೆ ತಳಿ ಲೆಕ್ಕಕ್ಕೆ ಸೇರಿಸಬಾರದು.

ಹಳೆಯ, ದೊಡ್ಡ ಕಾಲೊನಿಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬೆಳೆಯುತ್ತ ಹೋದಂತೆ ಒಂದು ಕವಲಿನಲ್ಲಿ ಆದ ಡಿಎನ್‌ಎ ಬದಲಾವಣೆ ಇನ್ನೊಂದರಲ್ಲಿ ಇಲ್ಲದಿರಬಹುದು. ಮನುಷ್ಯರಲ್ಲಿ ಮೈಕೋಶದ ಬದಲಾವಣೆ ಮಕ್ಕಳಿಗೆ ಹೋಗುವುದಿಲ್ಲ. ಆಕ್ರೊಪೋರ ಪಾಲ್ಮೇಟಾದಲ್ಲಿ ಅಂಥ ಬದಲಾವಣೆ ಮರಿಗಳಿಗೂ ದಾಟಿದ್ದನ್ನು 2022ರಲ್ಲಿ ವರದಿ ಮಾಡಿದ್ದಾರೆ. ಆದ್ದರಿಂದ ಗುರುತಿನ ಚೂರನ್ನು ಕಾಲೊನಿಯ ಎರಡು ಮೂರು ಬದಿಯಿಂದ ತೆಗೆದಿಡುವುದು ಒಳ್ಳೆಯದು. ಮರಿಯಲ್ಲಿ ಅಪ್ಪ ಅಮ್ಮ ಇಬ್ಬರಲ್ಲೂ ಇಲ್ಲದ ಡಿಎನ್‌ಎ ಅಕ್ಷರ ಕಂಡಾಗ ಅದು ಹೊಸ ಬದಲಾವಣೆಯೋ ಅಥವಾ ನಾವು ನೋಡದ ಕವಲಿನದೋ ಎಂದು ಆಗ ಹೇಳಬಹುದು.

ಭಾರತದಲ್ಲಿ ಇದನ್ನು ಮಾಡಬಯಸುವವರಿಗೆ ಒಂದು ಮಾತು. ಲಕ್ಷದ್ವೀಪದ್ದಾಗಲಿ, ಮುರ್ಡೇಶ್ವರದ ಎದುರಿನ ನೇತ್ರಾಣಿಯದ್ದಾಗಲಿ, ಗಟ್ಟಿ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಕವಲು ಮುರಿದು ಮೊಟ್ಟೆ ನೋಡುವುದಕ್ಕೂ ಅನುಮತಿ ಬೇಕು. ಜೊತೆಗೆ, ಇಲ್ಲಿ ಹೇಳಿದ ಕ್ರಮ ಉಂಡೆ ಹೊರಬಿಡುವ ಆಕ್ರೊಪೋರಕ್ಕೆ ಹೊಂದುತ್ತದೆ. ಪೊಸಿಲ್ಲೊಪೋರದ ಕೆಲವು ಪ್ರಭೇದಗಳು ಒಳಗೇ ಪ್ಲಾನುಲಾ (ಹವಳದ ಲಾರ್ವಾ) ಬೆಳೆಸಿ ಬಿಡುತ್ತವೆ, ಅಂಥ ಪ್ಲಾನುಲಾಗಳು ಎಷ್ಟೋ ವೇಳೆ ಗಂಡಿನ ಪಾಲೇ ಇಲ್ಲದ ತಾಯಿಯ ನಕಲುಗಳು ಎಂಬುದು 1980ರ ದಶಕದಿಂದಲೇ ಗೊತ್ತಿದೆ. ಅಲ್ಲಿ ಯಾವ ಜೋಡಣೆಗೂ ಮೊದಲು ತಾಯಿಯದೂ ಇಪ್ಪತ್ತು ಪ್ಲಾನುಲಾಗಳದೂ ಜೀನೋಟೈಪ್ ಮಾಡಿಸಿ. ಒಂದೇ ಗುರುತಲ್ಲ, ತಾಯಿ ಎರಡು ಬೇರೆ ಅಂಕಿ ತೋರಿಸುವ ಐದಾರು ಗುರುತುಗಳನ್ನು ಆರಿಸಿಕೊಳ್ಳಿ. ಇಪ್ಪತ್ತರಲ್ಲೂ ಆ ಎರಡೂ ಅಂಕಿಗಳು ಎಲ್ಲ ಗುರುತುಗಳಲ್ಲಿ ಹಾಗೇ ಬಂದರೆ ಅವು ನಕಲುಗಳು, ಆ ಕಾಲೊನಿಯಿಂದ ತಳಿ ಜೋಡಣೆಯ ಲೆಕ್ಕ ಹುಟ್ಟುವುದಿಲ್ಲ.